ಅಂಡಾಶಯ, ವೃಷಣಗಳ ಹಾರ್ಮೋನು ಸ್ರವಿಕೆಯಲ್ಲಿ ನರಗಳ ಪಾತ್ರವೇನು?

ಪ್ರಶ್ನೆ (ನರ್ಸಿಂಗ್ ವಿದ್ಯಾರ್ಥಿನಿ)

ಅಂಡಾಶಯ ಮತ್ತು ವೃಷಣಗಳು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನುಗಳ ಅಧೀನದಲ್ಲಿವೆ ಎಂದು ನಮಗೆ ಕಲಿಸಿದ್ದಾರೆ. ಅಂಗರಚನೆಯ ಪಾಠದಲ್ಲಿ ಮಾತ್ರ ಈ ಗ್ರಂಥಿಗಳಿಗೆ ಸಿಂಪಥೆಟಿಕ್ ನರಗಳೂ (ತುರ್ತಿನ ಹೊತ್ತಿಗೆ ದೇಹವನ್ನು ಸಜ್ಜುಗೊಳಿಸುವ ನರಗಳು) ಹೋಗುತ್ತವೆ ಎಂದಿದೆ. ಅವು ರಕ್ತನಾಳಗಳನ್ನು ಕುಗ್ಗಿಸುವುದಕ್ಕಷ್ಟೇ ಇವೆಯೇ, ಅಥವಾ ಹಾರ್ಮೋನು ಬಿಡುಗಡೆಯ ಮೇಲೂ ನೇರ ಪ್ರಭಾವ ಬೀರುತ್ತವೆಯೇ? ಪಿಸಿಓಡಿಗೂ (ಅಂಡೋತ್ಸರ್ಗ ತಪ್ಪಿ, ಆಂಡ್ರೊಜೆನ್ ಎಂಬ ಪುರುಷ ಹಾರ್ಮೋನು ಹೆಚ್ಚುವ ಅಂಡಾಶಯದ ತೊಂದರೆ) ಇದಕ್ಕೂ ಸಂಬಂಧವಿದ್ದರೆ ದಯವಿಟ್ಟು ತಿಳಿಸಿ.

ಉತ್ತರ 1 (ಶರೀರಕ್ರಿಯಾಶಾಸ್ತ್ರ ಅಧ್ಯಾಪಕ)

ನೇರ ಪ್ರಭಾವ ಖಂಡಿತ ಇದೆ. ಅಂಡಾಶಯಕ್ಕೆ ನರಗಳು ಎರಡು ದಾರಿಗಳಲ್ಲಿ ಬರುತ್ತವೆ: ಒಂದು ಅಂಡಾಶಯದ ಅಪಧಮನಿಯ ಜೊತೆಗೆ, ಇನ್ನೊಂದು ಅಂಡಾಶಯವನ್ನು ಹಿಡಿದಿರುವ ತೂಗು ಅಸ್ಥಿರಜ್ಜುವಿನೊಳಗೆ. ಎರಡನೆಯದರ ತುದಿಗಳು ಆಂಡ್ರೊಜೆನ್ ತಯಾರಿಸುವ ಥೀಕಾ ಕೋಶಗಳ ಸಮೀಪದಲ್ಲೇ ನಾರ್‌ಅಡ್ರಿನಲಿನ್ ಎಂಬ ನರಸಂದೇಶ ರಾಸಾಯನಿಕವನ್ನು ಬಿಡುತ್ತವೆ. ಅದು ಬೀಟಾ-2 ಗ್ರಾಹಕಗಳಿಗೆ ಅಂಟಿಕೊಂಡಾಗ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣು ಹೆಚ್ಚುತ್ತದೆ. ಎಲ್‌ಎಚ್ ಕೂಡ ಇದೇ ಸೈಕ್ಲಿಕ್ ಎಎಂಪಿಯ ಮೂಲಕವೇ ಕೆಲಸ ಮಾಡುವುದರಿಂದ, ನರ ಚುರುಕಾಗಿರುವಾಗ ಅಷ್ಟೇ ಪ್ರಮಾಣದ ಎಲ್‌ಎಚ್‌ಗೆ ಆಂಡ್ರೊಜೆನ್ ಹೆಚ್ಚಾಗಿ ಹೊರಬರುತ್ತದೆ.

ಇಲಿಗಳಿಗೆ ಎಸ್ಟ್ರಡಯೋಲ್ ವ್ಯಾಲರೇಟ್ ಎಂಬ ಈಸ್ಟ್ರೊಜೆನ್ ಔಷಧಿಯನ್ನು ಒಮ್ಮೆ ಚುಚ್ಚಿದರೆ, ವಾರಗಳ ನಂತರ ಪಿಸಿಓಡಿಯನ್ನು ಹೋಲುವಂತೆ ಅಂಡಾಶಯದಲ್ಲಿ ಸಿಸ್ಟ್‌ಗಳು ಮೂಡುತ್ತವೆ, ಅಲ್ಲಿನ ನಾರ್‌ಅಡ್ರಿನಲಿನ್ ಮತ್ತು ನರ ಬೆಳೆಸುವ ಎನ್‌ಜಿಎಫ್ ಏರುತ್ತವೆ. ಚಿಲಿಯ ಹೆರ್ನಾನ್ ಲಾರಾ ಮತ್ತು ಅಮೆರಿಕದ ಸರ್ಜಿಯೊ ಒಹೇಡಾ ಅವರ ತಂಡಗಳು ಅಸ್ಥಿರಜ್ಜುವಿನೊಳಗಿನ ಆ ನರವನ್ನು ಕತ್ತರಿಸಿದಾಗ ಅಂಡೋತ್ಸರ್ಗ ಮರಳಿತು. ನನ್ನ ದೃಷ್ಟಿಯಲ್ಲಿ ಈ ವಿಷಯದಲ್ಲಿ ಇದಕ್ಕಿಂತ ಬಲವಾದ ಸಾಕ್ಷ್ಯ ಇನ್ನೊಂದಿಲ್ಲ.

ಉತ್ತರ 2 (ಸಂಶೋಧನಾ ವಿದ್ಯಾರ್ಥಿ)

ವೃಷಣದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅಮೆರಿಕದ ಸಾಲ್ಕ್ ಸಂಸ್ಥೆಯ ಕ್ಯಾಥರೀನ್ ರಿವಿಯೆ ಅವರ ಪ್ರಯೋಗಗಳಲ್ಲಿ, ಇಲಿಯ ಮಿದುಳಿನ ಕುಹರಕ್ಕೆ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಪ್ರೋಟೀನು ಕೊಟ್ಟರೆ, ಎಲ್‌ಎಚ್‌ನಂತೆಯೇ ವರ್ತಿಸುವ ಎಚ್‌ಸಿಜಿ ಹಾರ್ಮೋನಿಗೆ ಟೆಸ್ಟೊಸ್ಟಿರಾನ್ ಪ್ರತಿಕ್ರಿಯೆ ಕುಗ್ಗಿತು. ಪಿಟ್ಯುಟರಿಯ ಎಲ್‌ಎಚ್ ಏರಿಳಿತದಿಂದ ಇದನ್ನು ವಿವರಿಸಲಾಗಲಿಲ್ಲ. ವೃಷಣಕ್ಕೆ ಚುಚ್ಚಿದ ವೈರಸ್ಸು ನರತಂತುಗಳ ಗುಂಟ ಬೆನ್ನುಹುರಿಯನ್ನು ಏರಿ ಮಿದುಳಿನ ಹೈಪೊಥಲಾಮಸ್ ಭಾಗವನ್ನು ತಲುಪಿದ್ದೂ ಕಂಡುಬಂದಿದೆ. ಅಂದರೆ ಮಿದುಳಿನಿಂದ ಟೆಸ್ಟೊಸ್ಟಿರಾನ್ ತಯಾರಿಸುವ ಲೈಡಿಗ್ ಕೋಶಗಳವರೆಗೆ ರಕ್ತದ ಹಾದಿಯನ್ನು ಬಿಟ್ಟು ಇನ್ನೊಂದು ಹಾದಿಯಿದೆ, ಮತ್ತು ಈ ಪ್ರಯೋಗಗಳಲ್ಲಿ ಅದು ತಡೆಯುವ ಕೆಲಸ ಮಾಡಿದೆ.

ಉತ್ತರ 3 (ಸ್ತ್ರೀರೋಗ ತಜ್ಞೆ)

ಮೇಲಿನವರ ವಿವರಣೆ ಸರಿಯಾಗಿದೆ, ಆದರೆ ಇಲಿಯಿಂದ ಮನುಷ್ಯರಿಗೆ ಬರುವಾಗ ನಾವು ನಿಧಾನಿಸಬೇಕು. ಬೆನ್ನುಹುರಿಗೆ ತೀವ್ರ ಪೆಟ್ಟು ಬಿದ್ದ ಮಹಿಳೆಯರಲ್ಲಿ ಮುಟ್ಟು ಕೆಲವು ತಿಂಗಳು ನಿಂತರೂ ಸಾಮಾನ್ಯವಾಗಿ ಮರಳುತ್ತದೆ, ಗರ್ಭಧಾರಣೆಯೂ ಆಗುತ್ತದೆ. ಕ್ಯಾನ್ಸರ್ ಚಿಕಿತ್ಸೆಗೆ ಮುನ್ನ ತೆಗೆದು ಶೈತ್ಯೀಕರಿಸಿಟ್ಟಿದ್ದ ಅಂಡಾಶಯದ ಅಂಗಾಂಶವನ್ನು ಮರುಕಸಿ ಮಾಡಿದ ಬಳಿಕ 2004ರಲ್ಲಿ ಬೆಲ್ಜಿಯಂನಲ್ಲಿ ಮಗು ಹುಟ್ಟಿದೆ; ಆ ಅಂಗಾಂಶದ ಹಳೆಯ ನರಸಂಪರ್ಕವೆಲ್ಲ ಕಡಿದುಹೋಗಿತ್ತು. ಆದ್ದರಿಂದ ಪಿಟ್ಯುಟರಿಯ ಆಜ್ಞೆಯೇ ಪ್ರಧಾನ, ನರಗಳು ಆ ಆಜ್ಞೆಗೆ ಗ್ರಂಥಿ ಎಷ್ಟು ಸ್ಪಂದಿಸಬೇಕೆಂಬುದನ್ನು ಹೆಚ್ಚುಕಡಿಮೆ ಮಾಡುತ್ತವೆ.

ಪಿಸಿಓಡಿ ಇರುವ ಮಹಿಳೆಯರಲ್ಲಿ ಸಿಂಪಥೆಟಿಕ್ ನರಗಳ ಚಟುವಟಿಕೆ ಹೆಚ್ಚಿರುವುದನ್ನು ಸ್ವೀಡನ್ನಿನ ಸಂಶೋಧಕರು ಕಾಲಿನ ನರದಲ್ಲಿ ನೇರವಾಗಿ ಅಳೆದು 2008ರಲ್ಲಿ ಪ್ರಕಟಿಸಿದರು. ಈ ನರಗಳನ್ನು ಶಾಂತಗೊಳಿಸುವ ಆಸೆಯಿಂದ ಅಕ್ಯುಪಂಕ್ಚರ್ ಸಲಹೆ ಕೊಡುವವರು ಬಹಳ ಮಂದಿ ಇದ್ದಾರೆ. ಚೀನಾದಲ್ಲಿ 1000 ಮಹಿಳೆಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರಿಂದ ಹೆರಿಗೆಗಳ ಸಂಖ್ಯೆ ಹೆಚ್ಚಲಿಲ್ಲ. ಈ ಕಾರಣಕ್ಕೆ ಯಾರೂ ತಾವು ತೆಗೆದುಕೊಳ್ಳುತ್ತಿರುವ ಔಷಧಿಯನ್ನು ನಿಲ್ಲಿಸಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.