ಮೂರಡಿ ಟ್ಯಾಂಕಿಗೆ ಎರಡನೇ ಫಿಲ್ಟರ್: ಯಾವುದು ಹಾಕಲಿ?

ಬದಿಯಡ್ಕದ ಮೀನುಮನೆ:
ಎಲ್ಲರಿಗೂ ನಮಸ್ಕಾರ. ನನ್ನ ಟ್ಯಾಂಕ್ 36 ಇಂಚು ಉದ್ದ, 12 ಅಗಲ, 15 ಎತ್ತರ. ಒಳಗೆ ಐದು ಒರಾಂಡಾ ಗೋಲ್ಡ್‌ಫಿಶ್. ಮೂಲೆಯಲ್ಲಿ ಗಂಟೆಗೆ 600 ಲೀಟರ್ ಅಂತ ಬರೆದಿರುವ ಪವರ್ ಫಿಲ್ಟರ್ ಇದೆ. ಎರಡು ವಾರದಿಂದ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿದೆ. ಬೆಳಿಗ್ಗೆ ಲೈಟ್ ಹಾಕಿದರೆ ಐದೂ ಮೇಲೆ ಬಂದು ಬಾಯಿ ಕಳೆಯುತ್ತಿರುತ್ತವೆ. ಸ್ಪಂಜನ್ನು ಪ್ರತಿ ಭಾನುವಾರ ನಳ್ಳಿ ಕೆಳಗೆ ಹಿಡಿದು ಚೆನ್ನಾಗಿ ಹಿಂಡಿ ತೊಳೆಯುತ್ತೇನೆ, ಅದರಲ್ಲಿ ಉದಾಸೀನ ಇಲ್ಲ. ಅಂಗಡಿಯಲ್ಲಿ ಕ್ಯಾನಿಸ್ಟರ್ (ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬದ ಫಿಲ್ಟರ್) ಹಾಕಿ ಅಂತಾರೆ. ಅಷ್ಟು ದುಡ್ಡು ಸುರಿಯಬೇಕಾ?

ಕುಂಬಳೆ ಕರೆ:
ಭಾವ, ಒಂದು ಪ್ರಶ್ನೆ. ಈಚೆಗೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದೀರಾ?

ಬದಿಯಡ್ಕದ ಮೀನುಮನೆ:
ಹೌದು! ಮಳೆ ಹಿಡಿದ ಮೇಲೆ ಹಾಕಿದೆವು. ನಳ್ಳಿಗೆ ಬರುವುದೂ ಅದೇ ಬಾವಿ ನೀರು.

ಕುಂಬಳೆ ಕರೆ:
ಹಾಗಾದರೆ ಫಿಲ್ಟರ್ ಚಿಕ್ಕದಾದದ್ದಲ್ಲ, ಅದರೊಳಗಿನ ಬ್ಯಾಕ್ಟೀರಿಯಾ ಸತ್ತಿರುವುದು. ಮೀನಿನ ಹೇಲು, ಉಳಿದ ತಿಂಡಿಯಿಂದ ಬರುವ ಅಮೋನಿಯಾ ಎಂಬ ವಿಷವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವುದು ಸ್ಪಂಜಿಗೆ ಅಂಟಿಕೊಂಡ ಆ ಬ್ಯಾಕ್ಟೀರಿಯಾ. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಇರುವ ನೀರಲ್ಲಿ ಹಿಂಡಿ ಹಿಂಡಿ ತೊಳೆದರೆ ಏನು ಉಳಿಯುತ್ತದೆ? ಬಿಳಿ ನೀರು ಇನ್ನೊಂದು ಜಾತಿ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಾದದ್ದು. ಅದು ಆಮ್ಲಜನಕವನ್ನೂ ಎಳೆದುಕೊಳ್ಳುತ್ತದೆ, ಅದಕ್ಕೇ ಮೀನು ಮೇಲೆ ಬರುವುದು.

ಕ್ಯಾನಿಸ್ಟರ್ ಬೇಡ. ಒಳ್ಳೆಯ ಫಿಲ್ಟರೇ, ಆದರೆ ನಮ್ಮ ಊರಿನ ಮಳೆಗಾಲಕ್ಕೆ ಅಲ್ಲ. ಕರೆಂಟು ನಾಲ್ಕೈದು ಗಂಟೆ ಹೋದರೆ ಮುಚ್ಚಿದ ಡಬ್ಬದೊಳಗೆ ಗಾಳಿ ಇಲ್ಲದೆ ಎಲ್ಲ ಕೊಳೆಯಲು ಶುರು. ಕರೆಂಟು ಬಂದಾಗ ಆ ನಾತದ ನೀರು ಸೀದಾ ಟ್ಯಾಂಕಿಗೆ. ಹಿಂದೆ ನೇತುಹಾಕುವ ಹ್ಯಾಂಗ್-ಆನ್ ಪರವಾಗಿಲ್ಲ. ನಾನಾದರೆ ಏರ್ ಪಂಪಿಗೆ ಜೋಡಿಸುವ ದೊಡ್ಡ ಸ್ಪಂಜ್ ಫಿಲ್ಟರ್ ಹಾಕುತ್ತೇನೆ. ಕಡಿಮೆ ಖರ್ಚು, ನೀರಿನ ಎಳೆತ ಜಾಸ್ತಿ ಇಲ್ಲ, ಒರಾಂಡಾದ ಹಾಗೆ ನಿಧಾನಕ್ಕೆ ಈಜುವ ಮೀನಿಗೆ ಸರಿ. ಪಂಪ್ ಎಳೆಯುವುದು ನಾಲ್ಕೈದು ವ್ಯಾಟ್, ಇನ್ವರ್ಟರಿಗೆ ಲೆಕ್ಕವೇ ಇಲ್ಲ.

ಹಳೆ ಫಿಲ್ಟರ್ ತೆಗೆಯಬೇಡಿ, ಎರಡೂ ಓಡಲಿ. ಕುಂಬಳೆ ಕಡೆ ಬಂದರೆ ನನ್ನ ಟ್ಯಾಂಕಿನ ಹಳೆ ಸ್ಪಂಜಿನ ತುಂಡು ಕೊಡುತ್ತೇನೆ. ಟ್ಯಾಂಕಿನ ನೀರಲ್ಲೇ ಮುಳುಗಿಸಿ ತಗೊಂಡು ಹೋಗಿ ಹೊಸ ಸ್ಪಂಜಿನ ಪಕ್ಕ ಇಡಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಇನ್ನು ಮೇಲೆ ತೊಳೆಯುವುದಾದರೆ ಟ್ಯಾಂಕಿನಿಂದ ತೆಗೆದ ನೀರಲ್ಲಿ, ಒಂದು ವಾರ ಒಂದು, ಇನ್ನೊಂದು ವಾರ ಇನ್ನೊಂದು. ನೀರು ತಿಳಿಯಾಗುವವರೆಗೆ ದಿನಾ ಕಾಲು ಭಾಗ ನೀರು ಬದಲಿಸಿ, ಆಂಟಿ-ಕ್ಲೋರಿನ್ ಹಾಕಿದ ನೀರು. ತಿಂಡಿ ಅರ್ಧ ಮಾಡಿ.

ಬೇಜಾರು ಮಾಡಬೇಡಿ, ನಿಮ್ಮ ಟ್ಯಾಂಕ್ ಲೆಕ್ಕಕ್ಕೆ 106 ಲೀಟರ್, ಕಲ್ಲು ಹಾಕಿದ ಮೇಲೆ 90 ಇರಬಹುದು. ಐದು ಒರಾಂಡಾ ಜಾಸ್ತಿ.

ಉಪ್ಪಳದ ಅಕ್ಕ:
ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲಾಂದ್ರೆ ಪೈಪಿಗೆ ನೀರು ಹಿಂದೆ ಬರದ ಹಾಗೆ ತಡೆಯುವ ನಾನ್-ರಿಟರ್ನ್ ವಾಲ್ವ್ ಹಾಕಿ. ನನ್ನದು ಕೆಳಗಿನ ಸ್ಟ್ಯಾಂಡಿನಲ್ಲಿತ್ತು. ರಾತ್ರಿ ಕರೆಂಟು ಹೋಯಿತು, ಬೆಳಿಗ್ಗೆ ನೋಡಿದರೆ ಪಂಪಿನ ಹೊಟ್ಟೆ ತುಂಬ ನೀರು, ನೆಲವೂ ಒದ್ದೆ. ಮತ್ತೆ ನಮ್ಮ ಮುರಕಲ್ಲಿನ ಬಾವಿ ನೀರು ಸ್ವಲ್ಪ ಹುಳಿ ಅಲ್ವಾ, ಪಿಎಚ್ ತೀರಾ ಇಳಿದರೆ, ಅಂದರೆ ಹುಳಿ ಜಾಸ್ತಿಯಾದರೆ, ಈ ಬ್ಯಾಕ್ಟೀರಿಯಾ ಮಂಕಾಗುತ್ತದೆ. ನಾನು ನಾಲ್ಕು ಮರುವಾಯಿ (ಕಪ್ಪೆಚಿಪ್ಪಿನ ಜಾತಿ) ಚಿಪ್ಪು ಕುದಿಸಿ ಒಳಗೆ ಹಾಕಿದ್ದೇನೆ. ಅದರ ಸುಣ್ಣ ನಿಧಾನಕ್ಕೆ ಕರಗಿ ಹುಳಿ ತಗ್ಗಿಸುತ್ತದೆ.

ಬದಿಯಡ್ಕದ ಮೀನುಮನೆ:
ಮೂರು ವಾರ ಆಯಿತು. ನೀರು ತಿಳಿ, ಅಮೋನಿಯಾ ಟೆಸ್ಟ್ ಸೊನ್ನೆ. ಎರಡು ಒರಾಂಡಾ ತಂಗಿ ಮನೆಗೆ ಹೋದವು. ಉಳಿದದ್ದು ಒಂದೇ ತೊಂದರೆ, ಪಂಪಿನ ಗುಂಯ್ ಸದ್ದಿಗೆ ಅಮ್ಮನಿಗೆ ನಿದ್ದೆ ಇಲ್ಲ.

ಉಪ್ಪಳದ ಅಕ್ಕ:
ಹಳೆ ಹವಾಯಿ ಚಪ್ಪಲಿ ಕತ್ತರಿಸಿ ಅಡಿಗೆ ಇಡಿ. ಗೋಡೆಗೆ ತಾಗದ ಹಾಗೆ.