ಗಾಜು ಹೊಳೆಯುತ್ತಿದೆ, ಪಾಚಿ ತಿನ್ನುವ ಮೀನು ಸಾಯುತ್ತಿದೆ: ಏಕೆ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಮನೆಯಲ್ಲಿ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಅಕ್ವೇರಿಯಂ ಇದೆ; ಅದರಲ್ಲಿ ಎಂಟು ಗಪ್ಪಿಗಳಿವೆ. ಗಾಜಿನ ಮೇಲೆ ಪಾಚಿ ಕಟ್ಟುತ್ತಿದ್ದುದರಿಂದ ಮೂರು ಇಂಚಿನ ಒಂದು ಸಕ್ಕರ್ ಮೀನನ್ನೂ ನಾಲ್ಕು ಓಟೋಸಿಂಕ್ಲಸ್ ಮೀನುಗಳನ್ನೂ ತಂದು ಬಿಟ್ಟೆ. ಇವಕ್ಕೆ ಬೇರೆ ಆಹಾರ ಬೇಕಿಲ್ಲ, ಪಾಚಿ ತಿಂದುಕೊಂಡೇ ಇರುತ್ತವೆ ಎಂದು ಅಂಗಡಿಯವರು ಹೇಳಿದ್ದರು. ಹತ್ತು ದಿನಗಳಲ್ಲಿ ಗಾಜು ಫಳಫಳನೆ ಹೊಳೆಯತೊಡಗಿತು. ಆದರೆ ಮೂರನೆಯ ವಾರದಲ್ಲಿ ಎರಡು ಓಟೋಗಳು ಸತ್ತವು. ನೀರು ಪರೀಕ್ಷಿಸಿದಾಗ ಮೀನಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇದ್ದವು, ಮೈಮೇಲೆ ಯಾವ ಕಲೆಯೂ ಇರಲಿಲ್ಲ. ಇದು ಯಾವ ರೋಗ?

ಉತ್ತರ: ನೀವು ಕೊಟ್ಟಿರುವ ವಿವರಗಳನ್ನು ನೋಡಿದರೆ ಇದು ರೋಗವಲ್ಲ, ಹಸಿವು. ಗಾಜು ಹೊಳೆಯತೊಡಗಿದ ದಿನವೇ ಆ ಮೀನುಗಳ ಪಾಲಿನ ಊಟ ಮುಗಿದಿತ್ತು. ಪಶ್ಚಿಮ ಘಟ್ಟದ ತೊರೆಗಳಲ್ಲಿ ಬಂಡೆಗೆ ಅಂಟಿಕೊಂಡು ಪಾಚಿ ಕೆರೆಯುವ ಗರ್ರಾ ಮೀನುಗಳನ್ನು ಗಮನಿಸಿದವರಿಗೆ ಇದು ತಿಳಿದಿರುತ್ತದೆ: ಅಂಥ ಮೀನಿನ ಬಾಯಿಗೆ ಬಿಡುವೇ ಇರುವುದಿಲ್ಲ, ಏಕೆಂದರೆ ಪಾಚಿಯಲ್ಲಿ ಸತ್ವ ಕಡಿಮೆ, ಉದ್ದನೆಯ, ಸುರುಳಿ ಸುತ್ತಿದ ಕರುಳಿಗೆ ಅದು ಸ್ವಲ್ಪ ಸ್ವಲ್ಪವಾಗಿ ಸದಾ ಬೀಳುತ್ತಲೇ ಇರಬೇಕು. ದಕ್ಷಿಣ ಅಮೆರಿಕದ ಓಟೋಸಿಂಕ್ಲಸ್ ಕೂಡ ಹಾಗೆಯೇ. ಮಾರಾಟಕ್ಕೆ ಬರುವ ಓಟೋಗಳಲ್ಲಿ ಹೆಚ್ಚಿನವು ನದಿಯಿಂದ ಹಿಡಿದು ತಂದವಾದ್ದರಿಂದ, ದಾರಿಯುದ್ದಕ್ಕೂ ಉಪವಾಸವಿದ್ದು ಸೊರಗಿಯೇ ಅಂಗಡಿ ತಲುಪುತ್ತವೆ.

ಉಳಿದಿರುವ ಎರಡನ್ನು ಅವು ಗಾಜಿಗೆ ಅಂಟಿಕೊಂಡಿರುವಾಗ ಹೊಟ್ಟೆಯ ಕಡೆಯಿಂದ ನೋಡಿ. ಹೊಟ್ಟೆ ದುಂಡಗಿದ್ದರೆ ಚಿಂತೆಯಿಲ್ಲ. ಚಪ್ಪಟೆಯಾಗಿದ್ದರೆ ಅಥವಾ ಒಳಕ್ಕೆ ಗುಳಿ ಬಿದ್ದಿದ್ದರೆ ಇಂದೇ ಆಹಾರ ಆರಂಭಿಸಿ. ತಳಕ್ಕೆ ಮುಳುಗುವ ಪಾಚಿ ಬಿಲ್ಲೆಗಳು, ಅಂದರೆ ಆಲ್ಗೀ ವೇಫರ್‌ಗಳು, ಎಲ್ಲೆಡೆ ಸಿಗುತ್ತವೆ. ಆದರೆ ಕೊಳ್ಳುವ ಮುನ್ನ ಪೊಟ್ಟಣದ ಹಿಂಬದಿಯನ್ನು ಓದಿ, ಏಕೆಂದರೆ ಹೆಸರಿನಲ್ಲಿ ಪಾಚಿಯಿದ್ದು ಪಟ್ಟಿಯ ಮೊದಲಲ್ಲಿ ಮೀನಿನ ಪುಡಿ, ಗೋಧಿ ಹಿಟ್ಟು ಇರುವ ಬಿಲ್ಲೆಗಳೂ ಉಂಟು. ಸ್ಪಿರುಲಿನಾ ಎಂಬ ನೀಲಿ-ಹಸಿರು ಪಾಚಿ ಮೊದಲ ಸಾಲುಗಳಲ್ಲೇ ಇರುವುದನ್ನು ಆರಿಸಿಕೊಳ್ಳಿ. ನಿಮ್ಮ ಸಕ್ಕರ್‌ಗೆ ಅರ್ಧ ಬಿಲ್ಲೆ, ಎರಡು ಓಟೋಗಳಿಗೆ ಕಾಲು ಬಿಲ್ಲೆ ಸಾಕು. ಗಪ್ಪಿಗಳು ಇದನ್ನೂ ಬಿಡುವುದಿಲ್ಲ, ಆದ್ದರಿಂದ ಮೊದಲು ಅವುಗಳ ಹೊಟ್ಟೆ ತುಂಬಿಸಿ, ದೀಪ ಆರಿಸಿ ಅರ್ಧ ಗಂಟೆಯಾದ ಮೇಲೆ ಬಿಲ್ಲೆ ಹಾಕಿ. ಸಕ್ಕರ್ ಹೇಗೂ ರಾತ್ರಿ ಓಡಾಡುವ ಮೀನು. ಎರಡಕ್ಕೂ ಒಂದೇ ಕಡೆ ಹಾಕಿದರೆ ಅದು ಮೇಲೆ ಕುಳಿತು ಓಟೋಗಳನ್ನು ಹತ್ತಿರಕ್ಕೂ ಬಿಡದು; ಎರಡು ಮೂಲೆಗಳಲ್ಲಿ ಹಾಕಿ.

ಅದೇ ಸದಸ್ಯರು: ಸೌತೆಕಾಯಿ ಹಾಕಿ ನೋಡಿದೆ ಮೇಡಂ. ಅದು ತೇಲುತ್ತದೆ, ಓಟೋಗಳು ಮೂಸಿಯೂ ನೋಡಲಿಲ್ಲ.

ಉತ್ತರ: ಹಸಿ ಹೋಳು ತೇಲುವುದು ಸಹಜ. ಚೆನ್ನಾಗಿ ತೊಳೆದು ಸಿಪ್ಪೆ ತೆಗೆದು, ಸುಮಾರು 1 ಸೆಂ.ಮೀ. ದಪ್ಪಕ್ಕೆ ಬಿಲ್ಲೆಯಾಗಿ ಹೆಚ್ಚಿ, ಉಪ್ಪು ಹಾಕದ ಕುದಿಯುವ ನೀರಿನಲ್ಲಿ ಎರಡು ನಿಮಿಷ ಬಿಟ್ಟು, ತಣಿಸಿ, ಸ್ಟೀಲಿನ ಫೋರ್ಕಿಗೆ ಚುಚ್ಚಿ ಮುಳುಗಿಸಿ. ಝುಕಿನಿ ಸಿಕ್ಕರೆ ಸೌತೆಕಾಯಿಗಿಂತ ಉತ್ತಮ, ಏಕೆಂದರೆ ಸೌತೆಕಾಯಿಯಲ್ಲಿ ಬಹುಪಾಲು ನೀರೇ. ಪಾಲಕ್ ಎಲೆ, ಸಿಪ್ಪೆ ಸುಲಿದ ಬಟಾಣಿ ಕೂಡ ಆಗುತ್ತವೆ. ಅನ್ನ, ಬ್ರೆಡ್ಡು, ಇಡ್ಲಿ ಬೇಡವೇ ಬೇಡ. ವಾರಕ್ಕೆ ಎರಡು ಮೂರು ಸಲ ತರಕಾರಿ ಸಾಕು. ರಾತ್ರಿ ಹಾಕಿದ ಹೋಳನ್ನು ಬೆಳಿಗ್ಗೆ ತಪ್ಪದೆ ತೆಗೆಯಿರಿ, ಇಷ್ಟು ಚಿಕ್ಕ ತೊಟ್ಟಿಯಲ್ಲಿ ಕೊಳೆತ ಒಂದೇ ಒಂದು ಹೋಳು ನೀರನ್ನು ಕೆಡಿಸಬಲ್ಲದು.

ಓಟೋಗಳಿಗೆ ಅದು ಆಹಾರವೆಂದು ಗೊತ್ತಾಗಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಅವುಗಳನ್ನು ಉಳಿಸುವ ಉಪಾಯವೆಂದರೆ ಪಾಚಿಯನ್ನೇ ಬೆಳೆಸಿಕೊಡುವುದು. ಅಂಗೈ ಅಗಲದ ನುಣುಪು ಕಲ್ಲುಗಳನ್ನು ತಂದು ಮೊದಲು ನಿಂಬೆರಸ ಹಿಂಡಿ ನೋಡಿ. ನೊರೆಯೆದ್ದರೆ ಅದು ಸುಣ್ಣದ ಕಲ್ಲು, ನೀರನ್ನು ಗಡಸಾಗಿಸುತ್ತದೆ, ಎಸೆಯಿರಿ. ಉಳಿದವನ್ನು ಗಾಜಿನ ಭರಣಿಯಲ್ಲಿಟ್ಟು, ವಾರದ ನೀರು ಬದಲಾವಣೆಯಲ್ಲಿ ಚೆಲ್ಲುವ ಅಕ್ವೇರಿಯಂ ನೀರನ್ನೇ ತುಂಬಿ ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಸಾಮಾನ್ಯವಾಗಿ ಎರಡು ವಾರಗಳಲ್ಲಿ ಕಲ್ಲಿನ ಮೇಲೆ ಹಸಿರು ಪದರ ಕಟ್ಟುತ್ತದೆ. ಒಂದನ್ನು ತೊಟ್ಟಿಗಿಳಿಸಿ, ಬೋಳಾದ ಮೇಲೆ ಮತ್ತೆ ಭರಣಿಗೆ ಹಾಕಿ, ಇನ್ನೊಂದನ್ನು ಇಳಿಸಿ. (ನಮ್ಮ ಮನೆಯ ಭರಣಿಯನ್ನು ಉಪ್ಪಿನಕಾಯಿ ಕೆಟ್ಟಿತೆಂದು ಯಾರೋ ತೊಳೆದಿಟ್ಟದ್ದರಿಂದ ಈಗ ಅದಕ್ಕೆ ಚೀಟಿ ಅಂಟಿಸಿದ್ದೇನೆ.) ಇದರ ಜೊತೆಗೆ ತೊಟ್ಟಿಯ ಹಿಂಬದಿಯ ಗಾಜನ್ನು ಉಜ್ಜುವುದನ್ನು ನಿಲ್ಲಿಸಿ.

ಮತ್ತೊಬ್ಬ ಸದಸ್ಯರು: ಬಿಲ್ಲೆಯ ರುಚಿ ಹತ್ತಿದರೆ ಪಾಚಿ ತಿನ್ನುವುದನ್ನು ಬಿಡುವುದಿಲ್ಲವೇ? ಆಗ ಆ ಮೀನನ್ನು ತಂದ ಉದ್ದೇಶವೇನಾಯಿತು?

ಉತ್ತರ: ನಿಮ್ಮ ಅನುಮಾನ ಅರ್ಧ ಸರಿ. ಸಕ್ಕರ್ ಮತ್ತು ಚೈನೀಸ್ ಆಲ್ಗೀ ಈಟರ್ ಎರಡೂ ಬೆಳೆದಂತೆಲ್ಲ ಪಾಚಿಯ ಮೇಲಿನ ಆಸಕ್ತಿ ಕಳೆದುಕೊಳ್ಳುತ್ತವೆ, ನೀವು ಬಿಲ್ಲೆ ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ. ಹಾಕದಿದ್ದರೆ ಅವು ರಾತ್ರಿ ಹೊತ್ತು ಗೋಲ್ಡ್ ಫಿಶ್‌ನಂಥ ನಿಧಾನಗತಿಯ ಮೀನುಗಳ ಮೈಗೆ ಅಂಟಿಕೊಂಡು ಲೋಳೆ ಕೆರೆದು ಗಾಯ ಮಾಡುವುದುಂಟು. ಓಟೋಗಳು ಮಾತ್ರ ಹೊಟ್ಟೆ ತುಂಬಿದ್ದರೂ ಮೇಯುವುದನ್ನು ಬಿಡುವುದಿಲ್ಲ. ಇನ್ನು ಪಾಚಿಯ ಹತೋಟಿಯನ್ನು ಮೀನಿಗೆ ವಹಿಸುವುದೇ ತಪ್ಪು ಎಂಬುದು ನನ್ನ ಅಭಿಪ್ರಾಯ. ತಿಂದ ಪಾಚಿ ಹಿಕ್ಕೆಯಾಗಿ ನೀರಿಗೇ ಸೇರಿ ಮತ್ತೆ ಪಾಚಿಗೆ ಗೊಬ್ಬರವಾಗುತ್ತದೆ. ದೀಪವನ್ನು ದಿನಕ್ಕೆ 6ರಿಂದ 8 ಗಂಟೆಗಿಂತ ಹೆಚ್ಚು ಉರಿಸದೆ, ನೇರ ಬಿಸಿಲು ತಪ್ಪಿಸಿ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಆಗುವ ಕೆಲಸವನ್ನು ಯಾವ ಮೀನೂ ಮಾಡದು.

ಮೊದಲ ಸದಸ್ಯರು: ಹಾಗಾದರೆ ನಮ್ಮ ಸಕ್ಕರ್‌ಗೆ ಎಷ್ಟು ವರ್ಷ ಅರ್ಧ ಬಿಲ್ಲೆ ಸಾಕಾಗುತ್ತದೆ?

ಉತ್ತರ: ವರ್ಷಗಳ ಮಾತೇ ಇಲ್ಲ. ಅಂಗಡಿಗಳಲ್ಲಿ ಸಕ್ಕರ್ ಎಂದು ಮಾರುವ ಸಾಮಾನ್ಯ ಪ್ಲೆಕೋ 1 ಅಡಿಗೂ ಮೀರಿ ಬೆಳೆಯುತ್ತದೆ. ನಿಮ್ಮ ತೊಟ್ಟಿಯ ಅಗಲವೇ 1 ಅಡಿ, ಅಂಚಿನವರೆಗೆ ತುಂಬಿದರೂ ಹಿಡಿಯುವುದು 56 ಲೀಟರ್ ನೀರು. ಅದರ ಹಸಿವಿಗೆ ತಕ್ಕಷ್ಟು ತಿನ್ನಿಸಿದರೆ ನೀರು ಕೆಡುತ್ತದೆ, ನೀರಿಗೆ ತಕ್ಕಷ್ಟು ತಿನ್ನಿಸಿದರೆ ಮೀನು ಸೊರಗುತ್ತದೆ. ಆದ್ದರಿಂದ ಅದು ಅಂಗೈಯಷ್ಟಾಗುವ ಮೊದಲೇ ಅಂಗಡಿಗೆ ಹಿಂದಿರುಗಿಸಿ ಅಥವಾ ದೊಡ್ಡ ತೊಟ್ಟಿ ಇರುವವರಿಗೆ ಕೊಡಿ. ಕೆರೆಗೆ ಮಾತ್ರ ಬಿಡಬೇಡಿ. ಹೀಗೆ ಬಿಟ್ಟ ಸಕ್ಕರ್‌ಗಳು ನಮ್ಮ ದೇಶದ ಹಲವು ಕೆರೆ, ನದಿಗಳಲ್ಲಿ ಈಗಾಗಲೇ ಬೇರೂರಿವೆ. ಓಟೋಗಳ ಹೊಟ್ಟೆ ಎರಡು ವಾರ ಸತತವಾಗಿ ದುಂಡಗಿದ್ದರೆ ಅವುಗಳಿಗೆ ಜೊತೆಯಾಗಿ ಇನ್ನು ನಾಲ್ಕನ್ನು ತನ್ನಿ; ಅಂಗಡಿಯಲ್ಲೇ ಹೊಟ್ಟೆ ನೋಡಿ ಆರಿಸಿ.