ಗಂಟು, ನವಿರು, ಅಬ್ರಾಶ್: ರತ್ನಗಂಬಳಿಯ ಪದಗಳು

ಪ್ರಶ್ನೆ: ರತ್ನಗಂಬಳಿಗಳ ಕೈಪಿಡಿಯೊಂದರ ಕನ್ನಡ ಅನುವಾದದಲ್ಲಿ ‘ಹ್ಯಾಂಡ್ ನಾಟೆಡ್’, ‘ಹ್ಯಾಂಡ್ ಟಫ್ಟೆಡ್’, ‘ಫ್ಲ್ಯಾಟ್ ವೀವ್’ ಮೂರಕ್ಕೂ ‘ಕೈನೇಯ್ಗೆ’ ಎಂದೇ ಬಳಸಲಾಗಿದೆ. ಇದು ಸರಿಯೇ? ವಾರ್ಪ್, ವೆಫ್ಟ್, ಪೈಲ್‌ಗಳಿಗೆ ಯಾವ ಪದ ಹೊಂದುತ್ತದೆ? ಒಂದೇ ಬಣ್ಣದ ನಡುವೆ ಛಾಯೆ ಬದಲಾಗಿ ಕಾಣುವ ಪಟ್ಟೆಗೆ, ಅಂದರೆ ‘ಅಬ್ರಾಶ್’ಗೆ, ‘ಬಣ್ಣದ ದೋಷ’ ಎನ್ನಬಹುದೇ?

ಉತ್ತರ: ಸರಿಯಲ್ಲ. ಮೂರರಲ್ಲಿ ಒಂದಕ್ಕಂತೂ ನೇಯ್ಗೆಯ ಸೋಂಕೇ ಇಲ್ಲ.

ಮೊದಲು ಸುಲಭದ್ದು. ವಾರ್ಪ್ ಎಂದರೆ ಹಾಸು, ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು; ವೆಫ್ಟ್ ಎಂದರೆ ಹೊಕ್ಕು, ಅಡ್ಡಕ್ಕೆ ಹಾಯಿಸುವ ನೂಲು. ‘ಹಾಸುಹೊಕ್ಕಾಗಿದೆ’ ಎಂದು ಮಗ್ಗವನ್ನು ಮರೆತೇ ದಿನವೂ ಆಡುತ್ತೇವೆ. ಆದರೆ ನೆಲಕ್ಕೆ ಹಾಸುವುದೂ ಹಾಸೇ ಆದ್ದರಿಂದ ಇಲ್ಲಿ ‘ಹಾಸುನೂಲು’, ‘ಹೊಕ್ಕುನೂಲು’ ಎಂದು ಬಿಡಿಸಿ ಬರೆಯುವುದು ಮೇಲು.

ನಾಟೆಡ್‌ಗೆ ‘ಕೈಗಂಟಿನ ರತ್ನಗಂಬಳಿ’ ಎನ್ನಿ. ಬಿಗಿದ ಎರಡು ಹಾಸುನೂಲುಗಳಿಗೆ ಉಣ್ಣೆ ಅಥವಾ ರೇಷ್ಮೆಯ ಎಳೆ ಸುತ್ತಿ ಕತ್ತರಿಸುತ್ತಾರೆ. ಒಂದು ಸಾಲು ಮುಗಿದ ಮೇಲೆ ಒಂದೋ ಎರಡೋ ಹೊಕ್ಕು ಹಾಯಿಸಿ, ಹಣಿಗೆಯಿಂದ ಬಡಿದು ಕೂರಿಸುತ್ತಾರೆ. ಬಿಗಿ ಬರುವುದು ಈ ಬಡಿತದಿಂದ. ಎಳೆಯ ಸುತ್ತು ತಾನಾಗಿ ಬಿಗಿಯುವ ಗಂಟಲ್ಲ. ಹಾಗೆಂದು ‘ಸುತ್ತು’ ಎನ್ನಬೇಕಾಗಿಲ್ಲ. ಪಾರಸಿಯ ‘ಗೆರೆಹ್’, ತುರ್ಕಿಯ ‘ದ್ಯೂಯುಮ್’ ಎರಡಕ್ಕೂ ಗಂಟು ಎಂದೇ ಅರ್ಥ.

ಗಂಟಿನ ಬಗೆಗಳ ಹೆಸರಲ್ಲಿ ಹೆಚ್ಚು ಎಚ್ಚರ ಬೇಕು. ಎಳೆ ಎರಡೂ ಹಾಸುನೂಲುಗಳನ್ನು ಸುತ್ತಿ, ತುದಿಗಳೆರಡೂ ಅವುಗಳ ನಡುವಿನಿಂದಲೇ ಹೊರಬಂದರೆ ಅದು ‘ಟರ್ಕಿಶ್’ ಅಥವಾ, ತುರ್ಕಿಯ ಊರೊಂದರ ಹೆಸರಿನಲ್ಲಿ, ‘ಗಿಯೋರ್ದೆಸ್’. ಒಂದನ್ನು ಸುತ್ತಿ ಪಕ್ಕದ್ದರ ಹಿಂದೆ ಹಾದು, ತುದಿಗಳು ಬೇರೆಬೇರೆಯಾಗಿ ಬಂದರೆ ‘ಪರ್ಶಿಯನ್’ ಅಥವಾ ‘ಸೆನ್ನೆ’. ತಮಾಷೆಯೆಂದರೆ ಸೆನ್ನೆ, ಅಂದರೆ ಇರಾನಿನ ಸನಂದಜ್, ನೇಯುವುದು ಮೊದಲನೆಯ ಗಂಟನ್ನು! ಸೈಬೀರಿಯದ ಅಲ್ತಾಯ್‌ನ ಹೆಪ್ಪುಗಟ್ಟಿದ ಸಮಾಧಿಯಲ್ಲಿ 1949ರಲ್ಲಿ ಸಿಕ್ಕ, ಎರಡು ಸಾವಿರ ವರ್ಷಕ್ಕೂ ಹಳೆಯ ಪಾಜಿರಿಕ್ ಗಂಬಳಿಯಲ್ಲೂ ಅದೇ ಗಂಟಿದೆ. ಆದ್ದರಿಂದ ಊರಿನ ಹೆಸರು ಬಿಟ್ಟು ‘ಸಮಗಂಟು’, ‘ವಿಷಮಗಂಟು’ ಎನ್ನುವುದೇ ಕ್ಷೇಮ. ಎರಡರ ಬದಲು ನಾಲ್ಕು ಹಾಸುನೂಲಿಗೆ ಒಂದೇ ಗಂಟು ಹಾಕುವ ‘ಜುಫ್ತಿ’ಗೆ ‘ಜೋಡಿಗಂಟು’ ಸಾಕು. ಪಾರಸಿಯ ‘ಜುಫ್ತ್’ ಎಂದರೆ ಜೋಡಿಯೇ. ಇದರಲ್ಲಿ ದುಡಿಮೆಯೂ ಉಣ್ಣೆಯೂ ಉಳಿಯುತ್ತವೆ, ಆದರೆ ಮೈ ತೆಳುವಾಗಿ ಬೇಗ ಸವೆಯುತ್ತದೆ.

ಕೈಪಿಡಿಯಲ್ಲಿ ಗಂಟುಗಳ ಎಣಿಕೆ ಬಂದರೆ ಇದನ್ನೂ ಗಮನಿಸಿ: ಎರಡು ಹಾಸುನೂಲೂ ಒಂದೇ ಮಟ್ಟದಲ್ಲಿದ್ದರೆ ಒಂದು ಗಂಟು ಬೆನ್ನಿನಲ್ಲಿ ಎರಡು ಉಬ್ಬಾಗಿ ಕಾಣುತ್ತದೆ. ಅಂಗುಲಕ್ಕೆ ಅಡ್ಡ 16, ಉದ್ದ 16 ಇದ್ದರೆ ಚದರಂಗುಲಕ್ಕೆ 256 ಗಂಟು. ಉಬ್ಬನ್ನೇ ಗಂಟೆಂದು ಎಣಿಸಿದವರಿಗೆ 512 ಸಿಗುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ.

ಟಫ್ಟೆಡ್‌ನಲ್ಲಿ ಚೌಕಟ್ಟಿಗೆ ಬಿಗಿದ ಸಿದ್ಧ ಬಟ್ಟೆಗೆ ಗನ್ನಿನಿಂದ ನೂಲು ಚುಚ್ಚುತ್ತಾರೆ. ಹಿಂದಕ್ಕೆ ಲೇಟೆಕ್ಸ್ ಬಳಿದು, ಮೇಲೊಂದು ಬಟ್ಟೆ ಅಂಟಿಸುತ್ತಾರೆ. ವರ್ಷಗಳು ಕಳೆದಂತೆ ಲೇಟೆಕ್ಸ್ ಒಣಗಿ ಪುಡಿಯಾಗಿ ಎಳೆಗಳು ಕಿತ್ತುಬರುತ್ತವೆ. ‘ಕೈಯಿಂದ ಮಾಡಿದ್ದು’ ಎಂದರೆ ಸುಳ್ಳಲ್ಲ, ‘ಕೈನೇಯ್ಗೆ’ ಎಂದರೆ ಸುಳ್ಳು. ‘ಕೈಚುಚ್ಚಿನ ಗಂಬಳಿ’ ಎನ್ನಬಹುದು. ಮಾರುವವರಿಗೆ ಹಿಡಿಸಲಿಕ್ಕಿಲ್ಲ, ಓದುಗರಿಗೆ ತಿಳಿಯುತ್ತದೆ.

ಫ್ಲ್ಯಾಟ್ ವೀವ್‌ಗೆ ‘ಚಪ್ಪಟೆ ನೇಯ್ಗೆ’. ಜಮಖಾನ ಈ ಜಾತಿಯದೇ. ಇದೇ ಜಾತಿಯ ಕಿಲೀಮ್ ಎಂಬ ಗಂಬಳಿಯ ಹೆಸರು ಕಿಲೀಮ್ ಆಗಿಯೇ ಇರಲಿ: ಅದರಲ್ಲಿ ಬಣ್ಣ ಬದಲಾಗುವೆಡೆ ಹೊಕ್ಕು ಹಿಂದಿರುಗುವುದರಿಂದ ಉದ್ದುದ್ದ ಸೀಳು ಉಳಿಯುತ್ತದೆ, ಅದು ಹರುಕಲ್ಲ.

ಪೈಲ್‌ಗೆ, ಅಂದರೆ ಗಂಬಳಿಯ ಮೈಮೇಲೆ ನಿಂತ ಎಳೆಗಳಿಗೆ, ‘ಜೂಲು’ ಎಂದವರಿದ್ದಾರೆ. ಉದ್ದ ಎಳೆಯ ಗಂಬಳಿಗೆ ಸರಿ, ಒತ್ತಾಗಿ ಕತ್ತರಿಸಿದ್ದಕ್ಕೆ ಒಪ್ಪುವುದಿಲ್ಲ. ನನ್ನ ಮತ ‘ನವಿರು’ಗೆ. ‘ನವಿರೆದ್ದಿತು’ ಎನ್ನುವಾಗ ಅದು ನಿಂತ ಕೂದಲೇ ತಾನೆ.

ಇನ್ನೊಂದು ಉತ್ತರ: ‘ನವಿರು’ ಒಪ್ಪಿದೆ. ಅಬ್ರಾಶ್ ಮಾತ್ರ ದೋಷವಲ್ಲ. ಉಣ್ಣೆಯನ್ನು ಸಣ್ಣ ಸಣ್ಣ ಪಾಲಾಗಿ ಬಣ್ಣದಲ್ಲಿ ಅದ್ದಿದಾಗ ಒಂದು ಪಾಲಿನ ನೀಲಿ ಇನ್ನೊಂದರಂತಿರುವುದಿಲ್ಲ. ಪಾಲು ಮುಗಿದ ಸಾಲಿನಲ್ಲಿ ಛಾಯೆ ಬದಲಾಗುತ್ತದೆ. ಹಾಗಾಗಿ ಪಟ್ಟೆ ಹೊಕ್ಕಿನ ದಿಕ್ಕಿಗೆ, ಗಂಟಿನ ಸಾಲಿಗೆ ಸರಿಯಾಗಿ ಇರುತ್ತದೆ. ಕಲೆಯಾದರೆ ಸಾಲನ್ನು ಲೆಕ್ಕಿಸದೆ ಹರಡುತ್ತದೆ. ಬಿಸಿಲಿಗೆ ಮಾಸಿದ್ದಾದರೆ ನವಿರನ್ನು ಬಿಡಿಸಿ ನೋಡಿದಾಗ ತುದಿ ಪೇಲವ, ಬುಡ ಗಾಢ. ‘ಛಾಯಾಪಟ್ಟೆ’ ಎನ್ನೋಣವೇ? ಆದರೆ ಇದನ್ನು ಅಸಲಿತನದ ಗುರುತು ಎಂದೂ ಬರೆಯಬೇಡಿ. ಹಳೆಯದರಂತೆ ಕಾಣಲೆಂದು ಬೇಕೆಂದೇ ಛಾಯೆ ಬದಲಿಸಿ ನೇಯುವುದುಂಟು.

ಕುಚ್ಚಿನ ಮಾತೂ ಹಾಗೆಯೇ. ಕೈಗಂಟಿನದರಲ್ಲಿ ಕುಚ್ಚು ಎಂದರೆ ಹಾಸುನೂಲಿನ ತುದಿಯೇ. ‘ಹಾಸಿನ ಕುಚ್ಚು’ ಎಂದರೆ ಸ್ಪಷ್ಟ. ಬೇರೆಯಾಗಿ ಹೊಲಿದದ್ದಕ್ಕೆ ‘ಹೊಲಿಗೆ ಕುಚ್ಚು’. ತುದಿ ಸವೆದ ಹಳೆಯ ಗಂಬಳಿಗೂ ರಿಪೇರಿಯಲ್ಲಿ ಹೊಲಿಗೆ ಕುಚ್ಚು ಬಂದಿರುತ್ತದೆ, ಆದ್ದರಿಂದ ಕುಚ್ಚೊಂದನ್ನೇ ನೋಡಿ ತೀರ್ಮಾನಿಸಬಾರದು, ಬೆನ್ನು ತಿರುಗಿಸಿ ಗಂಟು ನೋಡಬೇಕು.